ಯಾವಾಗ ಮಲಗಬೇಕು, ಹೇಳುವವರು ಯಾರು?

2016ರ ಜೂನ್ ತಿಂಗಳ ಒಂದು ರಾತ್ರಿ, ಅಮೆರಿಕದ ವರ್ಜೀನಿಯಾ ರಾಜ್ಯದ ರಸ್ತೆಯೊಂದರಲ್ಲಿ ಇಬ್ಬರು ಸೈಕಲ್ ಸವಾರರು ಎದುರುಬದುರಾದರು. ಇಬ್ಬರೂ ಒಂದೇ ಸ್ಪರ್ಧೆಯವರು. ಪಶ್ಚಿಮ ಕರಾವಳಿಯ ಅಸ್ಟೋರಿಯಾದಿಂದ ಹೊರಟು ಪೂರ್ವ ಕರಾವಳಿಯ ಯಾರ್ಕ್‌ಟೌನ್ ಮುಟ್ಟಬೇಕಾದ, ಹೆಚ್ಚುಕಡಿಮೆ 6,800 ಕಿ.ಮೀ. ಉದ್ದದ ಟ್ರಾನ್ಸ್ ಆ್ಯಮ್ ರೇಸ್ ಅದು. ಒಂದೇ ದಿಕ್ಕಿಗೆ ಹೊರಟ ಇಬ್ಬರು ಮುಖಾಮುಖಿ ಆಗುವುದಾದರೂ ಹೇಗೆ? ಮುಂದಿದ್ದ ಸ್ಟೆಫೆನ್ ಸ್ಟ್ರೈಶ್ ಸ್ವಲ್ಪ ಹೊತ್ತು ಮಲಗಿ ಎದ್ದಿದ್ದರು. ಎದ್ದವರೇ ಸೈಕಲ್ ಹತ್ತಿ, ಬಂದ ದಾರಿಯಲ್ಲೇ ವಾಪಸು ತುಳಿದುಕೊಂಡು ಹೊರಟಿದ್ದರು. ಬೆನ್ನಟ್ಟಿ ಬರುತ್ತಿದ್ದ ಅಲಾಸ್ಕಾದ ಲೇಲ್ ವಿಲ್ಕಾಕ್ಸ್ ಎದುರಿಗೆ ಸಿಕ್ಕಾಗಲೇ ತಪ್ಪು ಬಯಲಾದದ್ದು. ಜೊತೆಯಾಗಿಯೇ ಮುಗಿಸೋಣವೇ ಎಂದು ಸ್ಟ್ರೈಶ್ ಕೇಳಿದರು. ಲೇಲ್ ಒಪ್ಪಲಿಲ್ಲ, ರೇಸ್ ಎಂದರೆ ರೇಸ್. ಉಳಿದ ದೂರವನ್ನು ಮೈಮೇಲೆ ಬಂದವರಂತೆ ತುಳಿದು, 18 ದಿನ 10 ನಿಮಿಷಕ್ಕೆ ಗುರಿ ಮುಟ್ಟಿ, ಗಂಡು ಹೆಣ್ಣೆನ್ನದೆ ಎಲ್ಲರಿಗಿಂತ ಮೊದಲಿಗರಾದರು.

ಸ್ಟ್ರೈಶ್ ಅವರ ಕಾಲು ಸೋತಿರಲಿಲ್ಲ. ಖಂಡವನ್ನೇ ದಾಟಿ ಬಂದ ಕಾಲುಗಳು ಆ ರಾತ್ರಿಯೂ ಚೆನ್ನಾಗಿಯೇ ತುಳಿಯುತ್ತಿದ್ದವು, ದಿಕ್ಕೊಂದು ಮಾತ್ರ ತಪ್ಪಿತ್ತು. ಅಲ್ಟ್ರಾ ಸೈಕ್ಲಿಂಗ್ ಎಂಬ ಈ ವಿಚಿತ್ರ ಆಟದಲ್ಲಿ ನಿದ್ದೆಯ ಸಮಸ್ಯೆ ಇರುವುದೇ ಇಲ್ಲಿ. ದೇಹಕ್ಕಿಂತ ಮೊದಲು ಕೈಕೊಡುವುದು ತೀರ್ಮಾನ ಮಾಡುವ ಬುದ್ಧಿ. ಈಗ ಮಲಗಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದದ್ದೂ ಅದೇ ಬುದ್ಧಿ.

ಟೂರ್ ಡಿ ಫ್ರಾನ್ಸ್‌ನಂಥ ರೇಸುಗಳಲ್ಲಿ ಈ ತಾಪತ್ರಯವಿಲ್ಲ. ಸಂಜೆ ಹಂತ ಮುಗಿಯುತ್ತದೆ, ಗಡಿಯಾರ ನಿಲ್ಲುತ್ತದೆ, ಸವಾರರು ಹೋಟೆಲಿಗೆ ಹೋಗಿ ಮಾಲೀಶು ಮಾಡಿಸಿಕೊಂಡು ಮಲಗುತ್ತಾರೆ. ಅಲ್ಟ್ರಾ ರೇಸಿನಲ್ಲಿ ಗಡಿಯಾರ ಒಮ್ಮೆ ಶುರುವಾದರೆ ಕೊನೆಯ ಗೆರೆ ದಾಟುವವರೆಗೆ ನಿಲ್ಲುವುದಿಲ್ಲ. ಊಟ ಮಾಡಿ, ಪಂಕ್ಚರ್ ಹಾಕಿ, ಮಲಗಿ, ಯಾರೂ ಬೇಡವೆನ್ನುವುದಿಲ್ಲ. ಎಲ್ಲವೂ ನಿಮ್ಮ ಖಾತೆಗೇ ಖರ್ಚು. ಗಂಟೆಗೆ 25 ಕಿ.ಮೀ. ಹೋಗಬಲ್ಲವನು ಮೂರು ಗಂಟೆ ಕಣ್ಣು ಮುಚ್ಚಿದರೆ 75 ಕಿ.ಮೀ. ಬಿಟ್ಟುಕೊಟ್ಟಂತೆ. ಹೊಸಬರಿಗೆಲ್ಲ ಮೊದಲು ಹೊಳೆಯುವುದು ಈ ಲೆಕ್ಕ. ಆಮೇಲೆ ಹೊಳೆಯುವುದು ಇನ್ನೊಂದು. ದಿನಕ್ಕೆ ಒಂದೇ ಗಂಟೆ ಮಲಗಿ, ಇನ್ನೊಂದು ಗಂಟೆ ಊಟ ತಿಂಡಿಗೆ ಕೊಟ್ಟು, ಉಳಿದ 22 ಗಂಟೆಯನ್ನು ಸರಾಸರಿ 22 ಕಿ.ಮೀ. ವೇಗದಲ್ಲಿ ತುಳಿದವನು 484 ಕಿ.ಮೀ. ಹೋಗುತ್ತಾನೆ. ಮೂರು ಗಂಟೆ ಮಲಗಿ, 20 ಗಂಟೆಯನ್ನು 24.5 ಕಿ.ಮೀ. ವೇಗದಲ್ಲಿ ತುಳಿದವನು 490 ಕಿ.ಮೀ. ಹೋಗುತ್ತಾನೆ. ಇದು ಕಾಗದದ ಮೇಲಿನ ಲೆಕ್ಕ, ನಿಜ. ಆದರೆ ಕಾಗದದ ಮೇಲೆ ಕಾಣದ ನಷ್ಟವೂ ಒಂದಿದೆ. ನಿದ್ದೆಗೆಟ್ಟವನು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಬಿಸ್ಕತ್ತು ಕೊಳ್ಳಲೋ ಚಿಪ್ಸ್ ಕೊಳ್ಳಲೋ ಎಂದು ಇಪ್ಪತ್ತು ನಿಮಿಷ ನಿಂತಿರುತ್ತಾನೆ. ಬಿಚ್ಚಿದ ಕೈಗವಸು ಎಲ್ಲಿಟ್ಟೆನೆಂದು ಹತ್ತು ನಿಮಿಷ ಹುಡುಕುತ್ತಾನೆ, ಅದು ಕಂಕುಳಲ್ಲೇ ಇರುತ್ತದೆ. ಹೀಗೆ ಸೋರಿಹೋಗುವ ಸಮಯವನ್ನು ಕೂಡಿಸಿದರೆ ಒಂದು ಒಳ್ಳೆಯ ನಿದ್ದೆಯೇ ಆಗುತ್ತಿತ್ತು.

ಈ ಜೂಜು ಸೈಕಲ್ ರೇಸಿನಷ್ಟೇ ಹಳೆಯದು. 1891ರಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್ ಬಂದರಿನವರೆಗೆ ಹೋಗಿ ವಾಪಸು ಪ್ಯಾರಿಸ್‌ಗೆ ಬರುವ, ಸುಮಾರು 1,200 ಕಿ.ಮೀ. ಸ್ಪರ್ಧೆ ನಡೆಯಿತು. ಕಳಚಿ ಹಾಕಬಹುದಾದ ಗಾಳಿ ಟೈರನ್ನು ಆಗಷ್ಟೇ ಮಾರುಕಟ್ಟೆಗೆ ತಂದಿದ್ದ ಮಿಶ್‌ಲಾ ಕಂಪನಿಯ ಸವಾರ ಶಾರ್ಲ್ ತೆರೋಂ; ಡನ್‌ಲಪ್ ಟೈರಿನ ಮೇಲೆ ಎದುರಾಳಿ ಜಿಯೆಲ್ ಲಾವಾಲ್. ಮುಂದಿದ್ದವರು ಲಾವಾಲ್. ಮೂರನೆಯ ರಾತ್ರಿ ಅವರು ಮಲಗಿದರು. ತೆರೋಂ ಮಲಗಲಿಲ್ಲ, ಎದುರಾಳಿ ನಿದ್ದೆಯಲ್ಲಿದ್ದಾಗಲೇ ದಾಟಿಕೊಂಡು ಹೋದರು. 71 ಗಂಟೆ 22 ನಿಮಿಷಕ್ಕೆ ಪ್ಯಾರಿಸ್ ತಲುಪಿದ ತೆರೋಂ ಗಂಟೆಗಟ್ಟಲೆ ಅಂತರದಿಂದ ಗೆದ್ದರು. ಮಲಗಿದವನು ಸೋತ, ಎದ್ದಿದ್ದವನು ಗೆದ್ದ ಎಂಬ ಈ ಕಥೆ ಸೈಕಲ್ ಲೋಕದ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಮೂರು ರಾತ್ರಿಯ ರೇಸಿಗೆ ಅದು ನಿಜವೂ ಇರಬಹುದು. ಹತ್ತು ರಾತ್ರಿಯ ರೇಸಿಗೆ ಅದೇ ಪಾಠ ಹೊತ್ತು ಹೋದವರ ಗತಿ ಬೇರೆಯೇ ಆಯಿತು.

ಅದೇ ಕಾಲದಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಆರು ದಿನದ ರೇಸುಗಳು ನಡೆಯುತ್ತಿದ್ದವು. ಒಳಾಂಗಣದ ಮರದ ಟ್ರ್ಯಾಕ್ ಸುತ್ತ ಆರು ಹಗಲು ಆರು ರಾತ್ರಿ ಒಬ್ಬನೇ ಸುತ್ತುತ್ತಾ ಇರಬೇಕು. ಹೆಚ್ಚು ಮೈಲಿ ಸುತ್ತಿದವನು ಗೆದ್ದ. ನಿದ್ದೆಯಿಲ್ಲದೆ ಭ್ರಮೆ ಹಿಡಿದು, ಇಲ್ಲದ್ದನ್ನೆಲ್ಲ ಕಂಡು ಕಿರುಚುವ ಸವಾರರನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಿದ್ದರು. ಪತ್ರಿಕೆಗಳು ಛೀಮಾರಿ ಹಾಕಿದವು. ಕೊನೆಗೆ 1898ರ ಹೊತ್ತಿಗೆ ನ್ಯೂಯಾರ್ಕ್ ರಾಜ್ಯ ಕಾನೂನನ್ನೇ ತಂದು, ಒಬ್ಬ ಸವಾರ ದಿನಕ್ಕೆ 12 ಗಂಟೆಗಿಂತ ಹೆಚ್ಚು ತುಳಿಯಕೂಡದು ಎಂದಿತು. ವ್ಯಾಪಾರಿಗಳು ಬಿಟ್ಟಾರೆಯೇ? ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬ ಮಲಗಿದಾಗ ಇನ್ನೊಬ್ಬ ತುಳಿಯುವಂತೆ ಆಟವನ್ನೇ ಬದಲಿಸಿದರು. ಇವತ್ತು ಒಲಿಂಪಿಕ್ಸ್‌ನಲ್ಲಿ ನಾವು ನೋಡುವ ‘ಮ್ಯಾಡಿಸನ್’ ಎಂಬ ಜೋಡಿ ರೇಸಿನ ಹುಟ್ಟು ಇದು. ಸವಾರನ ನಿದ್ದೆಯ ತೀರ್ಮಾನವನ್ನು ಅವನ ಕೈಯಿಂದ ಕಸಿದು ಶಾಸನಸಭೆಗೆ ಕೊಟ್ಟ ಅಪರೂಪದ ಉದಾಹರಣೆ ಅದು.

ನಿದ್ದೆ ನಮ್ಮನ್ನು ಎಳೆಯುವುದು ಎರಡು ಕಡೆಯಿಂದ. 1982ರಲ್ಲಿ ಸ್ವಿಟ್ಜರ್‌ಲೆಂಡ್‌ನ ಅಲೆಕ್ಸಾಂಡರ್ ಬೋರ್ಬೆಯ್ ಇದನ್ನು ಒಂದು ಮಾದರಿಯಾಗಿ ಮುಂದಿಟ್ಟರು, ಇಂದಿಗೂ ನಿದ್ರಾ ವಿಜ್ಞಾನದ ಅಡಿಪಾಯ ಅದು. ಮೊದಲನೆಯದು ನಿದ್ದೆಯ ಒತ್ತಡ. ಎದ್ದಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಮಲಗಿದಾಗ ಮಾತ್ರ ಅದು ಇಳಿಯುತ್ತದೆ. ಎರಡನೆಯದು ದೇಹದ ಒಳಗಿನ ಗಡಿಯಾರ. ನೀವು ಮಲಗಿರಿ, ಬಿಡಿ, ಅದು ತನ್ನ ಪಾಡಿಗೆ 24 ಗಂಟೆಗೊಮ್ಮೆ ಏರಿ ಇಳಿಯುತ್ತಿರುತ್ತದೆ. ಬೆಳಗಿನ ಜಾವ ನಾಲ್ಕು ಐದರ ಹೊತ್ತಿಗೆ ಮೈಯ ಉಷ್ಣತೆ ಅತಿ ಕಡಿಮೆ ಮಟ್ಟಕ್ಕೆ ಇಳಿದಿರುತ್ತದೆ, ಎಚ್ಚರವೂ ಜೊತೆಗೇ ಇಳಿದಿರುತ್ತದೆ. ರಾತ್ರಿ ಬಸ್ಸಿನ ಡ್ರೈವರುಗಳಿಗೆ, ಲಾರಿಯವರಿಗೆ, ಯಕ್ಷಗಾನದ ಪ್ರೇಕ್ಷಕರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಎರಡೂ ಎಳೆತಗಳು ಒಟ್ಟಿಗೆ ಬಿದ್ದಾಗ ಎಂಥ ಗಟ್ಟಿಗನೂ ಜಗ್ಗಿ ಕೂರುತ್ತಾನೆ.

ಒಂದು ಸೋಜಿಗ ಇಲ್ಲೇ ಇದೆ. ಮೂರು ಗಂಟೆಗೆ ಸತ್ತೇ ಹೋದೆ ಎನ್ನುತ್ತಿದ್ದ ಸವಾರ, ಒಂದು ನಿಮಿಷವೂ ಮಲಗದೆ, ಸೂರ್ಯ ಹುಟ್ಟಿ ಏಳು ಗಂಟೆಯಾಗುವಷ್ಟರಲ್ಲಿ ಗೆಲುವಾಗುತ್ತಾನೆ. ಹಾಡು ಬೇರೆ ಗುನುಗುತ್ತಾನೆ. ನಿದ್ದೆಯನ್ನು ಗೆದ್ದೆ ಎಂದುಕೊಳ್ಳುತ್ತಾನೆ. ನಡೆದದ್ದಿಷ್ಟೇ: ಒಳಗಿನ ಗಡಿಯಾರ ಬೆಳಗಿನ ಕಡೆಗೆ ತಿರುಗಿದೆ, ಬೆಳಕು ಬಿದ್ದಿದೆ. ಅಡೆನೊಸಿನ್ನಿನ ಸಾಲ ಹಾಗೆಯೇ ಇದೆ. ಮಧ್ಯಾಹ್ನದ ಬಿಸಿಲಿನಲ್ಲಿ, ಅದಿಲ್ಲದಿದ್ದರೆ ಮುಂದಿನ ರಾತ್ರಿ, ಬಡ್ಡಿ ಸಮೇತ ವಸೂಲಿಗೆ ಬರುತ್ತದೆ.

ವಸೂಲಿ ಶುರುವಾಗುವುದು ಗೊತ್ತೇ ಆಗದ ರೀತಿಯಲ್ಲಿ. ಕಣ್ಣು ತೆರೆದೇ ಇರುತ್ತದೆ, ಕಾಲು ತಿರುಗುತ್ತಲೇ ಇರುತ್ತದೆ, ಮಿದುಳಿನ ಒಂದಿಷ್ಟು ಭಾಗ ಕೆಲವು ಸೆಕೆಂಡು ಮಲಗಿ ಎದ್ದುಬಿಡುತ್ತದೆ. ಇದಕ್ಕೆ ಮೈಕ್ರೋಸ್ಲೀಪ್ ಎನ್ನುತ್ತಾರೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಎಂದರೆ 33 ಮೀಟರ್. ಘಾಟಿ ಇಳಿಯುವಾಗ ವೇಗ 60 ಇದ್ದರೆ 67 ಮೀಟರ್. ಕಾರಿನವನಿಗೆ ಸುತ್ತ ತಗಡಾದರೂ ಇದೆ. ಸೈಕಲ್ಲಿನವನಿಗೆ ಹೆಲ್ಮೆಟ್ ಒಂದೇ.

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು 2003ರಲ್ಲಿ ಹ್ಯಾನ್ಸ್ ವ್ಯಾನ್ ಡಾಂಗೆನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ರಕಟಿಸಿದ ಪ್ರಯೋಗ. ಕೆಲವರನ್ನು ಎರಡು ವಾರ ದಿನಕ್ಕೆ ನಾಲ್ಕು ಗಂಟೆ ಅಥವಾ ಆರು ಗಂಟೆ ಮಾತ್ರ ಮಲಗಲು ಬಿಟ್ಟು, ಪ್ರತಿದಿನ ಅವರ ಎಚ್ಚರವನ್ನು ಅಳೆದರು. ದಿನದಿಂದ ದಿನಕ್ಕೆ ಅಂಕಗಳು ಕುಸಿಯುತ್ತಾ ಹೋಗಿ, ಕೊನೆಗೆ ಪೂರ್ತಿ ಒಂದೆರಡು ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದವು. ನಿಮಗೆ ಎಷ್ಟು ನಿದ್ದೆ ಬರುತ್ತಿದೆ ಎಂದು ಕೇಳಿದರೆ ಮಾತ್ರ ಉತ್ತರ ಮೊದಲ ಕೆಲವು ದಿನದ ನಂತರ ಹೆಚ್ಚೇನೂ ಬದಲಾಗಲಿಲ್ಲ. ಅಭ್ಯಾಸವಾಯಿತು ಎಂದುಕೊಂಡಿದ್ದರು. ಆಫೀಸಿನಲ್ಲಿ ‘ನನಗೆ ನಾಲ್ಕು ಗಂಟೆ ನಿದ್ದೆ ಸಾಕಪ್ಪ’ ಎಂದು ಎದೆ ತಟ್ಟಿಕೊಳ್ಳುವವರು ಸಿಕ್ಕಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. ಬಳಲಿದ ಕಾಲು ನೋಯುತ್ತದೆ, ಬಾಯಾರಿದ ಗಂಟಲು ಒಣಗುತ್ತದೆ. ನಿದ್ದೆಗೆಟ್ಟ ಮಿದುಳು ಮಾತ್ರ ತಾನು ಚೆನ್ನಾಗಿಯೇ ಇದ್ದೇನೆಂದು ವರದಿ ಕೊಡುತ್ತದೆ. ಅದರ ಮಾತು ನಂಬಿ ತಂತ್ರ ಹೂಡುವ ಹಾಗಿಲ್ಲ.

ಹಾಗಾದರೆ ಯಾರ ಮಾತು ನಂಬಬೇಕು? ಈ ಪ್ರಶ್ನೆಗೆ ಅಲ್ಟ್ರಾ ಸೈಕ್ಲಿಂಗಿನ ಎರಡು ಸಂಪ್ರದಾಯಗಳು ಎರಡು ಉತ್ತರ ಕೊಟ್ಟಿವೆ.

ಒಂದು, ರೇಸ್ ಅಕ್ರಾಸ್ ಅಮೆರಿಕ, ಚಿಕ್ಕದಾಗಿ ‘ರಾಮ್’. 1982ರಲ್ಲಿ ನಾಲ್ಕೇ ಜನರೊಂದಿಗೆ ಶುರುವಾದ ಇದರಲ್ಲಿ ಪಶ್ಚಿಮ ಕರಾವಳಿಯಿಂದ ಪೂರ್ವಕ್ಕೆ ಸುಮಾರು 4,800 ಕಿ.ಮೀ. ತುಳಿಯಬೇಕು. ಇಲ್ಲಿ ಸವಾರನ ಹಿಂದೆಯೇ ವಾಹನ, ಅದರೊಳಗೆ ಸಹಾಯಕರ ತಂಡ. ಊಟ ಕೊಡುವವರು ಅವರು, ದಾರಿ ಹೇಳುವವರು ಅವರು. ರಾತ್ರಿ ವಾಹನದ ದೀಪದ ಬೆಳಕಿನಲ್ಲೇ ಸವಾರ ಸಾಗಬೇಕೆಂಬುದು ನಿಯಮ. ಮೊದಲ ನಾಲ್ವರಲ್ಲಿ ಒಬ್ಬರಾದ ಮೈಕೆಲ್ ಶರ್ಮರ್ 1983ರ ರೇಸಿನಲ್ಲಿ 83 ಗಂಟೆ ನಿದ್ದೆಯಿಲ್ಲದೆ ನೆಬ್ರಾಸ್ಕಾದ ಹೇಗ್ಲರ್ ಎಂಬ ಊರಿನ ಹತ್ತಿರ ಬಂದಾಗ, ಪಕ್ಕಕ್ಕೆ ಬಂದು ನಿಂತ ತಮ್ಮದೇ ತಂಡದ ವಾಹನ ಅನ್ಯಗ್ರಹದ ನೌಕೆಯಾಗಿ ಕಂಡಿತು. ಇಳಿದು ಬಂದ ಗೆಳೆಯರೆಲ್ಲ ಮನುಷ್ಯರ ವೇಷ ತೊಟ್ಟ ಅನ್ಯಗ್ರಹದವರು. ಅವರು ಹೇಗೋ ಶರ್ಮರ್ ಅವರನ್ನು ಒಳಗೆ ಕರೆದೊಯ್ದು ಮಲಗಿಸಿದರು. ಒಂದೂವರೆ ಗಂಟೆಯ ನಿದ್ದೆಯ ನಂತರ ಎಲ್ಲರೂ ಮತ್ತೆ ಮನುಷ್ಯರಾದರು. ಶರ್ಮರ್ ಮುಂದೆ ಮೂಢನಂಬಿಕೆಗಳನ್ನು ಪ್ರಶ್ನಿಸುವ ಸ್ಕೆಪ್ಟಿಕ್ಸ್ ಸೊಸೈಟಿ ಕಟ್ಟಿದರು. ಹಾರುವ ತಟ್ಟೆ ಕಂಡೆವೆನ್ನುವವರಿಗೆ ಹೇಳಲು ಅವರ ಬಳಿ ಸ್ವಂತ ಅನುಭವವೇ ಇತ್ತು.

ಈ ಪದ್ಧತಿಯನ್ನು ತುದಿಗೆ ಕೊಂಡೊಯ್ದವರು ಸ್ಲೊವೇನಿಯಾದ ಸೈನಿಕ ಯೂರೆ ರೋಬಿಚ್. 2004ರಿಂದ 2010ರ ನಡುವೆ ಐದು ಬಾರಿ ರಾಮ್ ಗೆದ್ದವರು. ರೇಸಿನಲ್ಲಿ ಅವರ ನಿದ್ದೆ ದಿನಕ್ಕೆ ಒಂದೂವರೆ ಗಂಟೆ, ಅಥವಾ ಅದಕ್ಕೂ ಕಡಿಮೆ. ಅದರ ಬೆಲೆಯೂ ಅಷ್ಟೇ ದೊಡ್ಡದಿತ್ತು. ರಸ್ತೆ ಬದಿಯ ಅಂಚೆ ಡಬ್ಬಿಗಳು ಶತ್ರುಗಳಾಗಿ ಕಂಡು, ಸೈಕಲ್ಲಿನಿಂದ ಇಳಿದು ಅವುಗಳ ಜೊತೆ ಹೊಡೆದಾಟಕ್ಕೆ ನಿಲ್ಲುತ್ತಿದ್ದರು. ಕಪ್ಪು ಗಡ್ಡದ ಕುದುರೆ ಸವಾರರು ಗುಂಡು ಹಾರಿಸುತ್ತಾ ಅಟ್ಟಿಸಿಕೊಂಡು ಬರುತ್ತಿದ್ದರು. ರೋಬಿಚ್ ಇನ್ನಷ್ಟು ಜೋರಾಗಿ ತುಳಿಯುತ್ತಿದ್ದರು. ಇಂಥ ಮನುಷ್ಯ ಗೆದ್ದದ್ದು ಹೇಗೆಂದರೆ, ರೇಸಿನ ಆರಂಭದಲ್ಲೇ ತನ್ನ ಬುದ್ಧಿಯನ್ನು ತಂಡಕ್ಕೆ ಬರೆದುಕೊಟ್ಟುಬಿಡುತ್ತಿದ್ದರು. ಯಾವಾಗ ತಿನ್ನಬೇಕು, ಯಾವಾಗ ಮಲಗಬೇಕು, ಯಾವಾಗ ಏಳಬೇಕು, ಎಲ್ಲವೂ ತಂಡದ ಆಜ್ಞೆ. ಅತ್ತರೂ ಬೈದರೂ ಬದಲಾವಣೆ ಇಲ್ಲ.

ನಮ್ಮ ಜನಪದ ರಾಮಕಥೆಗಳಲ್ಲಿ ಲಕ್ಷ್ಮಣ ವನವಾಸದುದ್ದಕ್ಕೂ ನಿದ್ದೆಗೆಟ್ಟು ಕಾವಲಿದ್ದಾಗ, ಅವನ ಪಾಲಿನ ನಿದ್ದೆಯನ್ನು ಅಯೋಧ್ಯೆಯಲ್ಲಿ ಊರ್ಮಿಳೆ ಮಲಗಿ ತೀರಿಸುತ್ತಾಳೆ. ಸೈಕಲ್ ಸವಾರನಿಗೆ ಅಂಥ ಊರ್ಮಿಳೆ ಇಲ್ಲ. ನಿದ್ದೆಯನ್ನು ಇನ್ನೊಬ್ಬರಿಗೆ ವಹಿಸಲು ಆಗದು, ನಿದ್ದೆಯ ತೀರ್ಮಾನವನ್ನು ಮಾತ್ರ ವಹಿಸಬಹುದು. ಅದರಲ್ಲೂ ತೊಡಕಿದೆ. ಹಿಂದಿನ ವಾಹನದ ಚಾಲಕನೂ ದಿನಗಟ್ಟಲೆ ಅರೆಬರೆ ನಿದ್ದೆಯಲ್ಲೇ ಇರುತ್ತಾನೆ. ಸವಾರನ ಬೆನ್ನಿಗೇ ಒಂದು ಟನ್‌ಗೂ ಹೆಚ್ಚು ತೂಕದ ಗಾಡಿ ಓಡಿಸುವವನು ತೂಕಡಿಸಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಅದಕ್ಕೇ ಒಳ್ಳೆಯ ತಂಡಗಳು ಸವಾರನ ನಿದ್ದೆಯ ಪಟ್ಟಿಗಿಂತ ಸಹಾಯಕರ ನಿದ್ದೆಯ ಪಾಳಿಯನ್ನು ಹೆಚ್ಚು ಎಚ್ಚರದಿಂದ ಬರೆಯುತ್ತವೆ.

ರೋಬಿಚ್ ನಂತರ ಬಂದ ಆಸ್ಟ್ರಿಯಾದ ಕ್ರಿಸ್ಟೋಫ್ ಸ್ಟ್ರಾಸರ್ ಆರು ಬಾರಿ ರಾಮ್ ಗೆದ್ದರು. 2014ರ ಅವರ ಸಮಯ 7 ದಿನ 15 ಗಂಟೆ 56 ನಿಮಿಷ. ನಿಂತದ್ದು, ಮಲಗಿದ್ದು ಎಲ್ಲವನ್ನೂ ಸೇರಿಸಿಯೂ ಸರಾಸರಿ ವೇಗ ಗಂಟೆಗೆ 26 ಕಿ.ಮೀ. ಮೀರುತ್ತದೆ. ದಿನಕ್ಕೆ ಸುಮಾರು ಒಂದು ಗಂಟೆಯ ನಿದ್ದೆ. ಇದನ್ನು ಓದಿ ‘ಹಾಗಾದರೆ ನಾನೂ’ ಎನ್ನುವವರು ಗಮನಿಸಬೇಕಾದದ್ದು, ಸ್ಟ್ರಾಸರ್ ಅಷ್ಟು ಕಡಿಮೆ ಮಲಗಿದ್ದು ಎಂಟು ದಿನಕ್ಕೂ ಕಡಿಮೆಯ ರೇಸಿನಲ್ಲಿ, ಕಾವಲಿಗೆ ಇಡೀ ತಂಡವನ್ನು ಇಟ್ಟುಕೊಂಡು. ಕಣ್ಣು ಎಳೆಯುತ್ತಿದ್ದರೆ ಸ್ಪೀಕರಿನಲ್ಲಿ ಹಾಡು ಹಾಕಲು, ಮಾತಿಗೆಳೆಯಲು, ಸೈಕಲ್ ಅಡ್ಡಾದಿಡ್ಡಿಯಾದರೆ ಇಳಿಸಲು ಜನರಿದ್ದರು.

ಎರಡನೆಯ ಸಂಪ್ರದಾಯದಲ್ಲಿ ಯಾರೂ ಇಲ್ಲ. ಬ್ರಿಟನ್ನಿನ ಮೈಕ್ ಹಾಲ್ 2013ರಲ್ಲಿ ಆರಂಭಿಸಿದ ಟ್ರಾನ್ಸ್‌ಕಾಂಟಿನೆಂಟಲ್ ರೇಸ್ ಯೂರೋಪಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಸುಮಾರು 4,000 ಕಿ.ಮೀ. ಹೊರಗಿನ ಸಹಾಯ ನಿಷಿದ್ಧ. ದಾರಿಯಲ್ಲಿ ಯಾರಿಗಾದರೂ ಸಿಗುವಂಥದ್ದನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಅಷ್ಟೇ. ಮಲಗುವ ಜಾಗವನ್ನೂ ತಾನೇ ಹುಡುಕಬೇಕು. ಹೋಟೆಲ್ ರೂಮು ಸುಖ, ಆದರೆ ಒಳಗೆ ಹೋಗಿ ಕೀ ಪಡೆದು, ಸೈಕಲ್ ಮೇಲೆ ಹೊತ್ತು, ಸ್ನಾನ ಮಾಡಿ ಹೊರಬರುವಷ್ಟರಲ್ಲಿ ಮಲಗಿದ್ದಕ್ಕಿಂತ ಮಲಗದ ಹೊತ್ತೇ ಹೆಚ್ಚಾಗಿರುತ್ತದೆ. ಬಸ್ ತಂಗುದಾಣ, ಇಗರ್ಜಿಯ ಜಗುಲಿ, ಎಟಿಎಂ ಕೋಣೆ, ಹೊಲದ ಬದು ಇವು ಅಗ್ಗ ಮತ್ತು ಶೀಘ್ರ. ಚಳಿ ಮಾತ್ರ ಮಲಗಿದ ಮೇಲೇ ಗೊತ್ತಾಗುವುದು. ತುಳಿಯುವಾಗ ಕಾದಿದ್ದ ಮೈ ನಿಂತೊಡನೆ ತಣಿಯುತ್ತದೆ, ಬೆಳಗಿನ ಜಾವಕ್ಕೆ ಒಳಗಿನ ಉಷ್ಣತೆಯೂ ಇಳಿಯುತ್ತದೆ; ಬೆವರಿನ ಬಟ್ಟೆಯಲ್ಲೇ ಮಲಗಿದವನು ಮುಕ್ಕಾಲು ಗಂಟೆಯಲ್ಲಿ ಹಲ್ಲು ಕಟಕಟಿಸುತ್ತಾ ಏಳುತ್ತಾನೆ. ಕೆಲವರು ಇದನ್ನೇ ಅಲಾರಂ ಆಗಿ ಬಳಸುತ್ತಾರೆಂಬುದು ಬೇರೆ ಮಾತು.

ಇಲ್ಲಿ ತೀರ್ಮಾನವನ್ನು ವಹಿಸಿಕೊಡಲು ಇರುವ ಇನ್ನೊಬ್ಬ ಎಂದರೆ ನಿನ್ನೆಯ ನೀವೇ, ರೇಸ್ ಶುರುವಾಗುವ ಮುಂಚಿನ, ಚೆನ್ನಾಗಿ ಮಲಗಿ ಎದ್ದಿದ್ದ ನೀವು. ಅನುಭವಿಗಳು ಮನೆಯಲ್ಲಿ ಕೂತಾಗಲೇ ನಿಯಮ ಬರೆದುಕೊಳ್ಳುತ್ತಾರೆ. ರಾತ್ರಿ ಹನ್ನೊಂದರಿಂದ ಮೂರರವರೆಗೆ ಮಲಗುವುದು, ಅಷ್ಟೊತ್ತಿಗೆ ಎಲ್ಲಿದ್ದರೂ ಸರಿ. ಒಮ್ಮೆ ರಸ್ತೆಯ ಗೆರೆ ದಾಟಿದರೆ, ಒಮ್ಮೆ ರೆಪ್ಪೆ ಅಂಟಿದರೆ, ಚರ್ಚೆಯಿಲ್ಲದೆ ಇಳಿಯುವುದು. ಮುಂದಿನ ಊರಿನವರೆಗೆ ಹೋಗಿಬಿಡೋಣ ಎಂದು ಒಳಗಿನಿಂದ ಬರುವ ದನಿಯನ್ನು ಕುಡಿದವನ ಮಾತೆಂದು ತಿಳಿದು ಬದಿಗಿಡುವುದು. ಪ್ರತಿ ರಾತ್ರಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮಲಗುವುದರಲ್ಲಿ ಇನ್ನೊಂದು ಲಾಭವಿದೆ. ಒಳಗಿನ ಗಡಿಯಾರ ಕೆಳಗಿಳಿಯುತ್ತಾ ಹೋಗುವ ಹೊತ್ತನ್ನು ನಿದ್ದೆಗೇ ಕೊಟ್ಟರೆ, ಎಚ್ಚರದ ಹೊತ್ತಿನಲ್ಲಿ ಒಳ್ಳೆಯ ವೇಗ ಸಿಗುತ್ತದೆ. ಹೇಗೂ ಗಂಟೆಗೆ ಹದಿನೈದಕ್ಕಿಂತ ಮೇಲೆ ಏರದ ಆ ಹೊತ್ತನ್ನು ಕಳೆದುಕೊಂಡರೆ ನಷ್ಟವೂ ಕಡಿಮೆ.

2019ರಲ್ಲಿ ಬಲ್ಗೇರಿಯಾದ ಬುರ್ಗಾಸ್‌ನಿಂದ ಫ್ರಾನ್ಸ್‌ನ ಬ್ರೆಸ್ಟ್‌ವರೆಗಿನ ಟ್ರಾನ್ಸ್‌ಕಾಂಟಿನೆಂಟಲನ್ನು ಗೆದ್ದದ್ದು ಜರ್ಮನಿಯ 24ರ ಹರೆಯದ ಕ್ಯಾನ್ಸರ್ ಸಂಶೋಧಕಿ ಫಿಯೋನಾ ಕೋಲ್ಬಿಂಗರ್, 10 ದಿನ 2 ಗಂಟೆ 48 ನಿಮಿಷದಲ್ಲಿ. ಇಡೀ ರೇಸನ್ನು ಗೆದ್ದ ಮೊದಲ ಮಹಿಳೆ. ರಾತ್ರಿ ಕೆಲವು ಗಂಟೆ ತಪ್ಪದೆ ಮಲಗುತ್ತಾ ಬಂದವರು. ರೇಸಿನ ನಡುವೆ ಆಲ್ಪ್ಸ್ ಬೆಟ್ಟದ ತಪಾಸಣಾ ಕೇಂದ್ರವಿದ್ದ ಹೋಟೆಲಿನಲ್ಲಿ ಕೂತು ಪಿಯಾನೋ ಬೇರೆ ನುಡಿಸಿದರು. ಆ ವಿಡಿಯೊ ನೋಡಿದ ಹಿಂದಿನ ಸವಾರರಿಗೆ ಎಷ್ಟು ಹೊಟ್ಟೆ ಉರಿದಿರಬೇಕೆಂದು ಯೋಚಿಸುವುದೇ ಒಂದು ಖುಷಿ. ಮುಂದೆ 2022ರಲ್ಲಿ ಸ್ಟ್ರಾಸರ್ ಕೂಡ ತಂಡ, ವಾಹನ ಎಲ್ಲ ಬಿಟ್ಟು ಈ ರೇಸಿಗೆ ಬಂದು ಗೆದ್ದರು, ಮರುವರ್ಷ ಮತ್ತೆ ಗೆದ್ದರು.

ಎಷ್ಟು ಮಲಗಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಹತ್ತಿಪ್ಪತ್ತು ನಿಮಿಷದ ಕೋಳಿನಿದ್ದೆಗೆ ಗಟ್ಟಿ ಪುರಾವೆ ಇದೆ. ನಾಸಾ ಸಂಸ್ಥೆ ದೂರ ಪ್ರಯಾಣದ ಪೈಲಟ್‌ಗಳಿಗೆ ಹಾರಾಟದ ನಡುವೆ 40 ನಿಮಿಷದ ಬಿಡುವು ಕೊಟ್ಟು ನೋಡಿದಾಗ, ಅವರು ಸರಾಸರಿ 26 ನಿಮಿಷ ಮಲಗಿದರು; ಅಷ್ಟಕ್ಕೇ ಎಚ್ಚರ ಗಮನಾರ್ಹವಾಗಿ ಹೆಚ್ಚಿತು. ಕಾಫಿ ಕುಡಿದು ಕೂಡಲೇ ಒರಗಿದರೆ ಇನ್ನೂ ಒಳ್ಳೆಯದು. ಕೆಫೀನ್ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ, ಆದರೆ ಅಲ್ಲಿಗೆ ತಲುಪಲು ಇಪ್ಪತ್ತು ನಿಮಿಷವಾದರೂ ಬೇಕು. ಅಷ್ಟರೊಳಗೆ ಒಂದು ಜೊಂಪು ಮುಗಿದಿರುತ್ತದೆ. ಸಾಲ ತೀರುವುದಿಲ್ಲ, ಕಂತು ಮುಂದಕ್ಕೆ ಹೋಗುತ್ತದೆ. ರೇಸಿನಲ್ಲಿ ಕಾಫಿ ಚೆನ್ನಾಗಿ ಹಿಡಿಯಲೆಂದು ಹಿಂದಿನ ಕೆಲವು ದಿನ ಅದನ್ನು ಬಿಡುವವರೂ ಇದ್ದಾರೆ. ಫಿಲ್ಟರ್ ಕಾಫಿಯ ನಾಡಿನವರಿಗೆ ಇದು ರೇಸಿಗಿಂತ ಕಷ್ಟ.

ಒಂದೂವರೆ ಗಂಟೆಯ ಲೆಕ್ಕಕ್ಕೆ ಸವಾರರಲ್ಲಿ ಮಂತ್ರದ ಸ್ಥಾನವಿದೆ. ನಿದ್ದೆಯ ಒಂದು ಸುತ್ತು 90 ನಿಮಿಷ, ಆದ್ದರಿಂದ ಒಂದೂವರೆ, ಮೂರು, ನಾಲ್ಕೂವರೆ ಗಂಟೆಗೆ ಅಲಾರಂ ಇಟ್ಟರೆ ಹಗುರಾಗಿ ಏಳಬಹುದು ಎಂಬ ನಂಬಿಕೆ. ತೊಂಬತ್ತು ಎಂಬುದು ಸರಾಸರಿ ಮಾತ್ರ. ಸುತ್ತು ಎಪ್ಪತ್ತಕ್ಕೂ ಮುಗಿಯಬಹುದು, ನೂರಿಪ್ಪತ್ತಕ್ಕೂ ಹೋಗಬಹುದು. ನಿದ್ದೆಗೆಟ್ಟವನು ಮಲಗಿದೊಡನೆ ಗಾಢ ನಿದ್ದೆಗೆ ಧುಮುಕುವುದರಿಂದ ಅವನ ಸುತ್ತಿನ ಆಕಾರವೇ ಬೇರೆ. ಮೂರು ಗಂಟೆ ಕೆಲಸ ಮಾಡುವುದು ಇನ್ನೊಂದು ಕಾರಣಕ್ಕೆ. ಗಾಢ ನಿದ್ದೆಯ ಬಹುಪಾಲು ರಾತ್ರಿಯ ಮೊದಲ ಸುತ್ತುಗಳಲ್ಲೇ ಬರುತ್ತದೆ, ಹಾಗಾಗಿ ಕಡಿಮೆ ಹೊತ್ತಿನಲ್ಲಿ ಹೆಚ್ಚು ಪಾಲು ದಕ್ಕುತ್ತದೆ. ಗಾಢ ನಿದ್ದೆಯ ನಡುವೆ ಎಬ್ಬಿಸಿದರೆ ಮಾತ್ರ ಕಷ್ಟ. ಎದ್ದ ಮೇಲೂ ಹದಿನೈದು ಇಪ್ಪತ್ತು ನಿಮಿಷ, ಬಳಲಿದವರಿಗೆ ಅದಕ್ಕೂ ಹೆಚ್ಚು ಹೊತ್ತು, ಮಿದುಳು ಪೂರ್ತಿ ಎದ್ದಿರುವುದಿಲ್ಲ. ಸ್ಟ್ರೈಶ್ ದಿಕ್ಕು ತಪ್ಪಿದ್ದು ಇಂಥ ಹೊತ್ತಿನಲ್ಲೇ. ಮಲಗುವ ಮುಂಚೆ ಸೈಕಲ್ಲಿನ ಮೂತಿಯನ್ನು ಹೋಗಬೇಕಾದ ಕಡೆಗೆ ತಿರುಗಿಸಿಟ್ಟು ಮಲಗುವ ಸರಳ ಅಭ್ಯಾಸಕ್ಕೆ ಇರುವ ಬೆಲೆ ಆಗ ಅರ್ಥವಾಗುತ್ತದೆ.

ಇದಲ್ಲದೆ ಮುಂಗಡ ನಿದ್ದೆ. 2009ರಲ್ಲಿ ಅಮೆರಿಕದ ಸೇನಾ ಸಂಶೋಧನಾ ಸಂಸ್ಥೆಯ ಟ್ರೇಸಿ ರಪ್ ಮತ್ತು ಸಂಗಡಿಗರು ಒಂದು ವಾರ ಕೆಲವರನ್ನು ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರಿಸಿ, ಮುಂದಿನ ವಾರ ಎಲ್ಲರಿಗೂ ಮೂರೇ ಗಂಟೆ ಕೊಟ್ಟರು. ಮೊದಲೇ ಹೆಚ್ಚು ಮಲಗಿದ್ದವರು ಕಡಿಮೆ ಕುಸಿದರು, ಬೇಗ ಚೇತರಿಸಿಕೊಂಡರು. ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. ರೇಸಿನ ಹಿಂದಿನ ರಾತ್ರಿ ಚೀಲ ಕಟ್ಟುತ್ತಾ, ದೀಪ ಚಾರ್ಜಿಗೆ ಹಾಕುತ್ತಾ, ನಾಲ್ಕು ಗಂಟೆಗೆ ಏಳಬೇಕೆಂಬ ಗಾಬರಿಯಲ್ಲಿ ಒಂದು ಗಂಟೆಗೆ ಮಲಗುವವರೇ ಹೆಚ್ಚು.

ಹಿಂದಿರುವವರ ಕಷ್ಟ ಮುಂದಿರುವವರ ಕಷ್ಟಕ್ಕಿಂತ ದೊಡ್ಡದು ಎಂಬುದನ್ನು ಹೇಳದೆ ಈ ಮಾತು ಮುಗಿಯದು. ರಾಮ್‌ನ ಒಂಟಿ ಸವಾರರಿಗೆ ಗಡುವು 12 ದಿನ, ಅಂದರೆ ದಿನಕ್ಕೆ 400 ಕಿ.ಮೀ. ಸರಾಸರಿ 20 ಕಿ.ಮೀ. ವೇಗದವನಿಗೆ ತುಳಿಯಲೇ 20 ಗಂಟೆ ಬೇಕು. ಉಳಿದ ನಾಲ್ಕರಲ್ಲಿ ಊಟ, ಶೌಚ, ಗಾಯಕ್ಕೆ ಮುಲಾಮು, ನಿದ್ದೆ. 2017ರಲ್ಲಿ ಈ ಗಡುವಿನೊಳಗೆ ಮುಗಿಸಿದ ಮೊದಲ ಭಾರತೀಯ ಲೆಫ್ಟಿನೆಂಟ್ ಕರ್ನಲ್ ಶ್ರೀನಿವಾಸ್ ಗೋಕುಲನಾಥ್. ಅದೇ ರೇಸಿನಲ್ಲಿ ಅವರ ಹಿಂದೆಯೇ ನಾಗಪುರದ ಅಮಿತ್ ಸಮರ್ಥ್ ಮುಗಿಸಿದರು. ಇಬ್ಬರೂ ವೈದ್ಯರು. ನಿದ್ದೆಗೆಡುವುದರ ಪರಿಣಾಮ ಪುಸ್ತಕದಲ್ಲಿ ಓದಿದ್ದವರೇ ರಸ್ತೆಯಲ್ಲಿ ಅದನ್ನು ಅನುಭವಿಸಿದರು.

ಬೆಂಗಳೂರು ಸೇರಿದಂತೆ ನಮ್ಮ ಊರುಗಳಲ್ಲಿ ನಡೆಯುವ ಬ್ರೆವೆ ಎಂಬ ದೂರದ ಸೈಕಲ್ ಸವಾರಿಗಳದ್ದೂ ಇದೇ ಗಣಿತ. ಅವು ರೇಸುಗಳಲ್ಲ, ಗಡುವಿನೊಳಗೆ ಮುಗಿಸಿದರೆ ಸಾಕು. 400 ಕಿ.ಮೀ.ಗೆ 27 ಗಂಟೆ, 600ಕ್ಕೆ 40 ಗಂಟೆ. ಗಂಟೆಗೆ 25 ಕಿ.ಮೀ. ತುಳಿಯುವವನಿಗೆ 600ರಲ್ಲಿ 16 ಗಂಟೆ ಉಳಿಯುತ್ತದೆ, ಲಾಡ್ಜ್ ಹಿಡಿದು ಧಾರಾಳವಾಗಿ ಮಲಗಬಹುದು. 18ರ ವೇಗದವನಿಗೆ ಉಳಿಯುವುದು ಆರೂ ಮುಕ್ಕಾಲು ಗಂಟೆಗಿಂತ ಕಡಿಮೆ, ಅದರಲ್ಲೇ ಇಡ್ಲಿ, ಪಂಕ್ಚರ್, ಎದುರುಗಾಳಿ ಎಲ್ಲವೂ. ಅಂಥವರು ಟೋಲ್ ಗೇಟಿನ ಬದಿಯ ಕಟ್ಟೆಯ ಮೇಲೆ, ಹೆದ್ದಾರಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹೆಲ್ಮೆಟ್ ತಲೆದಿಂಬು ಮಾಡಿಕೊಂಡು ಇಪ್ಪತ್ತು ನಿಮಿಷ ಒರಗುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಇಂದಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆ ಭಾರತದಿಂದ ಹೋಗುವ ಸವಾರರು ಕಲಿತುಹೋಗುವುದು ಈ ಕಟ್ಟೆಗಳ ಮೇಲೇ. ಅಲ್ಲಿ 90 ಗಂಟೆಯ ಗಡುವಿನವರು ಸಂಜೆಯ ಕಡೆಗೆ ಹೊರಡುವುದರಿಂದ ಮೊದಲ ರಾತ್ರಿ ನಿದ್ದೆಯಿಲ್ಲದೆಯೇ ಹೋಗುತ್ತದೆ. ಎರಡನೆಯ ರಾತ್ರಿ ಶಾಲೆಯ ವ್ಯಾಯಾಮಶಾಲೆಯಲ್ಲಿ ಸಾಲಾಗಿ ಮಂಚಗಳು. ಬಾಗಿಲಲ್ಲಿ ಕೂತ ಸ್ವಯಂಸೇವಕರಿಗೆ ಕೆಲವು ಯೂರೋ ಕೊಟ್ಟು, ಏಳಬೇಕಾದ ಸಮಯ ಬರೆಸಿದರೆ, ಆ ಹೊತ್ತಿಗೆ ಬಂದು ಭುಜ ತಟ್ಟುತ್ತಾರೆ. ಅಲಾರಂ ಕೂಗಿಸಿ ಇಡೀ ಹಾಲ್ ಎಬ್ಬಿಸುವ ಅಗತ್ಯವಿಲ್ಲ.

ನಮ್ಮಲ್ಲಿ ಬಹಳ ಅಪಾಯದ ಹೊತ್ತು ಬ್ರೆವೆ ಮುಗಿದ ಮೇಲಿನದು. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ತೋರಿಸಿದಂತೆ, 24 ಗಂಟೆ ಎದ್ದಿದ್ದವನ ಕೈಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.10ರಷ್ಟು ಮದ್ಯವಿರುವವನಿಗೆ ಸಮ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇ 0.03. ನಿದ್ದೆಗೆಟ್ಟವನು ಪೊಲೀಸರ ಯಂತ್ರಕ್ಕೆ ಊದಿದರೆ ಮಾತ್ರ ಅದು ಸೊನ್ನೆ ತೋರಿಸುತ್ತದೆ. ಪದಕದ ಖುಷಿಯಲ್ಲಿ ಭಾನುವಾರ ರಾತ್ರಿ ಸೈಕಲನ್ನು ಕಾರಿಗೆ ಕಟ್ಟಿ, ಸೋಮವಾರದ ಆಫೀಸು ನೆನೆಯುತ್ತಾ ಸ್ಟಿಯರಿಂಗ್ ಹಿಡಿಯುವವನು ಆ ಹೊತ್ತಿಗೆ ಮೂವತ್ತಾರು ಗಂಟೆ ಎದ್ದಿರುವುದೂ ಉಂಟು. ಬುದ್ಧಿವಂತರು ಶುಕ್ರವಾರವೇ ವಾಪಸಿನ ಟ್ಯಾಕ್ಸಿ ಹೇಳಿಟ್ಟು, ಆ ದುಡ್ಡನ್ನೂ ಬ್ರೆವೆ ಖರ್ಚಿಗೇ ಬರೆಯುತ್ತಾರೆ. ಆರಂಭದ ಜಾಗಕ್ಕೆ ಮನೆಯಿಂದ ಸೈಕಲ್ ತುಳಿದುಕೊಂಡೇ ಬಂದು, 600 ಮುಗಿಸಿ, ತುಳಿದುಕೊಂಡೇ ಮನೆಗೆ ಹೋಗುವವರೂ ಇದ್ದಾರೆ. ಅವರಿಗೆ ನಿದ್ರಾ ವಿಜ್ಞಾನ ಹೇಳಿ ಪ್ರಯೋಜನವಿಲ್ಲ.